ಸರಕಾರದ ಕಲ್ಯಾಣ ಯೋಜನೆಗಳ ಪುನಾರಚನೆ: ಮಾಸಾಶನ ನಿಂತರೆ ಕೇಳುವುದು ಯಾರನ್ನು?



ವೃದ್ಧಾಪ್ಯ ವೇತನ ಏಕೆ ನಿಂತಿತು? ಗೃಹಲಕ್ಷ್ಮಿ ಹಣ ಪಕ್ಕದ ಮನೆಯವರಿಗೆ ಬಂದಿದೆ, ನಮಗೆ ಏಕಿಲ್ಲ? ರೇಶನ್ ಕಾರ್ಡಿನಲ್ಲಿ ತೀರಿಹೋದ ಯಜಮಾನರ ಹೆಸರಿದ್ದರೆ ತೊಂದರೆಯೇ? ನಮ್ಮ ಧರ್ಮಕೇಂದ್ರಗಳ ಕಚೇರಿಗಳಲ್ಲಿ ಇಂತಹ ಪ್ರಶ್ನೆಗಳು ಇಂದು ಸಾಮಾನ್ಯವಾಗಿವೆ. ಕೇಳುವವರಲ್ಲಿ ಹೆಚ್ಚಿನವರು ಹಿರಿಯರು, ವಿಧವೆಯರು, ಒಂಟಿಯಾಗಿ ಬದುಕುವವರು. ಉತ್ತರ ಹೇಳಬೇಕಾದ ನಮಗೂ ಎಷ್ಟೋ ಸಲ ಯಾವ ಇಲಾಖೆಯ ಬಾಗಿಲು ತಟ್ಟಬೇಕೆಂದು ತಕ್ಷಣ ತೋಚುವುದಿಲ್ಲ. ಇದಕ್ಕೆ ಕಾರಣವಿದೆ. ಕಳೆದ ಇಪ್ಪತ್ತು ವರ್ಷಗಳಲ್ಲಿ ರಾಜ್ಯ ಸರಕಾರದ ಕಲ್ಯಾಣ ವ್ಯವಸ್ಥೆ ಒಳಗಿಂದೊಳಗೇ ಬದಲಾಗಿದೆ. ಯೋಜನೆಗಳ ಹೆಸರು ಮತ್ತು ಮೊತ್ತ ಬದಲಾದುದನ್ನು ಎಲ್ಲರೂ ಬಲ್ಲರು. ಆದರೆ ಅದಕ್ಕಿಂತ ದೊಡ್ಡ ಬದಲಾವಣೆ ಆಗಿರುವುದು ಬೇರೆ ಕಡೆ: ಫಲಾನುಭವಿಯನ್ನು ಗುರುತಿಸುವ ರೀತಿಯಲ್ಲಿ, ಹಣ ಬರುವ ದಾರಿಯಲ್ಲಿ ಮತ್ತು ದೂರು ಕೇಳುವ ವ್ಯಕ್ತಿಯಲ್ಲಿ. ಈ ಬದಲಾವಣೆಯನ್ನು ಸರಳವಾಗಿ ವಿವರಿಸುವುದು ಈ ಲೇಖನದ ಉದ್ದೇಶ.

ಯಾವ ಯೋಜನೆ ಯಾವ ಇಲಾಖೆಯದ್ದು?

ಹೆಚ್ಚಿನವರು ತಿಳಿದಿರುವಂತೆ ವೃದ್ಧಾಪ್ಯ ವೇತನವನ್ನು ಕೊಡುವುದು ಸಮಾಜ ಕಲ್ಯಾಣ ಇಲಾಖೆಯಲ್ಲ. ಸಾಮಾಜಿಕ ಭದ್ರತೆಯ ಮಾಸಾಶನಗಳು ಕಂದಾಯ ಇಲಾಖೆಗೆ ಸೇರಿವೆ. ಸಾಮಾಜಿಕ ಭದ್ರತೆ ಮತ್ತು ಪಿಂಚಣಿಗಳ ನಿರ್ದೇಶನಾಲಯ ಈ ಇಲಾಖೆಯ ಅಡಿಯಲ್ಲಿದೆ. ಆದ್ದರಿಂದ ಅರ್ಜಿ ನಾಡಕಚೇರಿಗೆ ಹೋಗುತ್ತದೆ, ಗ್ರಾಮ ಆಡಳಿತಾಧಿಕಾರಿ ಮತ್ತು ಕಂದಾಯ ನಿರೀಕ್ಷಕರ ಪರಿಶೀಲನೆಯ ಬಳಿಕ ಮಂಜೂರಾಗುತ್ತದೆ. ನಮ್ಮ ಹಿರಿಯರು ಶಾನುಭೋಗರೆಂದೂ ಆಮೇಲೆ ಗ್ರಾಮಕರಣಿಕರೆಂದೂ ಕರೆಯುತ್ತಿದ್ದವರ ಸ್ಥಾನದಲ್ಲಿ ಇಂದು ಇರುವವರು ಈ ಗ್ರಾಮ ಆಡಳಿತಾಧಿಕಾರಿ.

ಗೃಹಲಕ್ಷ್ಮಿ ಯೋಜನೆ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯದ್ದು. ಪಡಿತರ ಚೀಟಿ ಆಹಾರ ಇಲಾಖೆಯದ್ದು. ಚಿಕಿತ್ಸೆಯ ನೆರವು ಆರೋಗ್ಯ ಇಲಾಖೆಯ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟಿನ ಮೂಲಕ ದೊರೆಯುತ್ತದೆ. ಕಟ್ಟಡ ಕಾರ್ಮಿಕರ ನೆರವು ಕಾರ್ಮಿಕ ಇಲಾಖೆಯ ಕಲ್ಯಾಣ ಮಂಡಳಿಯಿಂದ ಬರುತ್ತದೆ. ನಮ್ಮ ಸಮುದಾಯದ ವಿದ್ಯಾರ್ಥಿಗಳು ಅವಲಂಬಿಸಿರುವ ವಿದ್ಯಾರ್ಥಿವೇತನ ಅಲ್ಪಸಂಖ್ಯಾತರ ಕಲ್ಯಾಣ ಇಲಾಖೆಯ ವ್ಯಾಪ್ತಿಯಲ್ಲಿದೆ. ಒಂದೇ ಮನೆಯ ಅಜ್ಜಿ, ಮಗಳು ಮತ್ತು ಮೊಮ್ಮಗ ಮೂರು ಇಲಾಖೆಗಳ ಫಲಾನುಭವಿಗಳಾಗಿರಬಹುದು. ಈ ಚದುರಿದ ವ್ಯವಸ್ಥೆಯನ್ನು ಸರಿಪಡಿಸಬೇಕೆಂಬುದೇ ಪುನಾರಚನೆಯ ಮೂಲ ಆಶಯ. ಆ ಆಶಯ ತಪ್ಪೆಂದು ಯಾರೂ ಹೇಳಲಾರರು.

ಮನಿಯಾರ್ಡರಿನಿಂದ ಬ್ಯಾಂಕ್ ಖಾತೆಗೆ

ಕೇಂದ್ರ ಸರಕಾರದ ರಾಷ್ಟ್ರೀಯ ಸಾಮಾಜಿಕ ನೆರವು ಕಾರ್ಯಕ್ರಮ ಆರಂಭವಾದದ್ದು 1995ರ ಆಗಸ್ಟ್ 15ರಂದು. ಈ ಕಾರ್ಯಕ್ರಮದಲ್ಲಿ ಕೇಂದ್ರ ಕೊಡುವ ಪಾಲು ಬಹಳ ಕಡಿಮೆ. 60ರಿಂದ 79 ವರ್ಷದವರಿಗೆ ತಿಂಗಳಿಗೆ 200 ರೂಪಾಯಿ, 80 ದಾಟಿದವರಿಗೆ 500 ರೂಪಾಯಿ, ವಿಧವೆಯರಿಗೆ 300 ರೂಪಾಯಿ. ಉಳಿದ ಹೊರೆಯನ್ನು ರಾಜ್ಯ ಹೊರಬೇಕು. ಕರ್ನಾಟಕ 2007ರಲ್ಲಿ 65 ವರ್ಷ ದಾಟಿದ ಬಡವರಿಗಾಗಿ ಸಂಧ್ಯಾ ಸುರಕ್ಷಾ ಯೋಜನೆಯನ್ನು ಆರಂಭಿಸಿದಾಗ ಮಾಸಿಕ ಮೊತ್ತ 400 ರೂಪಾಯಿ ಇತ್ತು. 2021ರಲ್ಲಿ ಅದನ್ನು 1000ದಿಂದ 1200 ರೂಪಾಯಿಗೆ, ವಿಧವಾ ವೇತನವನ್ನು 600ರಿಂದ 800 ರೂಪಾಯಿಗೆ ಏರಿಸಲಾಯಿತು. ಮೊತ್ತ ಸಣ್ಣದೆಂದು ನಮಗೆ ಅನ್ನಿಸಬಹುದು. ಬಿ.ಪಿ. ಮಾತ್ರೆಗೂ ಮನೆಯ ಸಾಮಾನಿಗೂ ಮಗನ ಮುಖ ನೋಡದೆ ಖರ್ಚು ಮಾಡಲು ಇರುವ ಹಣ ಅದೊಂದೇ ಆಗಿರುವ ತಾಯಂದಿರು ನಮ್ಮ ನಡುವೆ ಇದ್ದಾರೆ.

ಮೊದಲು ಈ ಹಣ ಅಂಚೆಯವರ ಕೈಯಲ್ಲಿ ಮನಿಯಾರ್ಡರ್ ಆಗಿ ಬರುತ್ತಿತ್ತು. ಅದರಲ್ಲಿ ದೋಷಗಳಿದ್ದವು. ತಿಂಗಳುಗಟ್ಟಲೆ ವಿಳಂಬವಾಗುತ್ತಿತ್ತು. ಕೆಲವೆಡೆ ಕೊಡುವಾಗಲೇ ಒಂದಿಷ್ಟು ಕಡಿತವಾಗುತ್ತಿತ್ತು. ತೀರಿಹೋದವರ ಹೆಸರಿನಲ್ಲಿ ಹಣ ಹೋಗುತ್ತಿದೆ ಎಂಬ ದೂರು ಎಲ್ಲೆಡೆಯೂ ಇತ್ತು. ಬ್ಯಾಂಕ್ ಖಾತೆಗೆ ನೇರ ವರ್ಗಾವಣೆ ಬಂದಾಗ ಮಧ್ಯವರ್ತಿಗಳು ದೂರವಾದರು. ಇದು ನಿಜವಾದ ಲಾಭ. ಇದನ್ನು ಮರೆತು ಹಳೆಯ ಕಾಲವೇ ಚೆನ್ನಾಗಿತ್ತು ಎಂದು ಹೇಳುವುದು ನ್ಯಾಯವಲ್ಲ.

ಆದರೆ ಇಲ್ಲಿ ಒಂದು ಸೂಕ್ಷ್ಮ ವಿಷಯವನ್ನು ತಿಳಿದುಕೊಳ್ಳಬೇಕು. ಆಧಾರ್ ಆಧಾರಿತ ಪಾವತಿಯಲ್ಲಿ ಸರಕಾರ ಹಣ ಕಳುಹಿಸುವುದು ನಿಮ್ಮ ಪಾಸ್‌ಬುಕ್ಕಿನ ಖಾತೆ ಸಂಖ್ಯೆಗಲ್ಲ, ನಿಮ್ಮ ಆಧಾರ್ ಸಂಖ್ಯೆಗೆ. ಆ ಆಧಾರ್ ಯಾವ ಬ್ಯಾಂಕಿಗೆ ಜೋಡಣೆಯಾಗಿದೆ ಎಂಬುದನ್ನು ರಾಷ್ಟ್ರೀಯ ಪಾವತಿ ನಿಗಮದ ಪಟ್ಟಿ ಹೇಳುತ್ತದೆ. ಕೊನೆಯದಾಗಿ ಯಾವ ಬ್ಯಾಂಕಿನಲ್ಲಿ ಇದಕ್ಕೆ ಒಪ್ಪಿಗೆ ಕೊಟ್ಟಿದ್ದೀರೋ ಹಣ ಆ ಬ್ಯಾಂಕಿಗೆ ಹೋಗುತ್ತದೆ. ಸಾಲಕ್ಕೆಂದೋ ಸ್ವಸಹಾಯ ಸಂಘಕ್ಕೆಂದೋ ಹೊಸ ಖಾತೆ ತೆರೆದಾಗ ಸಹಿ ಹಾಕಿದ ಕಾಗದಗಳಲ್ಲಿ ಈ ಒಪ್ಪಿಗೆಯೂ ಸೇರಿರಬಹುದು. ಆಗ ಅಜ್ಜಿ ಹಳೆಯ ಬ್ಯಾಂಕಿನಲ್ಲಿ ಪಾಸ್‌ಬುಕ್ ಹಿಡಿದು ಕಾಯುತ್ತಿರುತ್ತಾರೆ, ಹಣ ಹೊಸ ಖಾತೆಯಲ್ಲಿ ಬಿದ್ದಿರುತ್ತದೆ. 'ಮಾಸಾಶನ ನಿಂತಿತು' ಎಂದು ಬರುವವರ ವಿಷಯದಲ್ಲಿ ಮೊದಲು ನೋಡಬೇಕಾದದ್ದು ಇದನ್ನು.

ಪಡಿತರ ಚೀಟಿ ಎಂಬ ಕೀಲಿಕೈ

ಎರಡನೆಯ ದೊಡ್ಡ ಬದಲಾವಣೆ ಫಲಾನುಭವಿಯನ್ನು ಗುರುತಿಸುವುದರಲ್ಲಿ ಆಗಿದೆ. ಪಡಿತರ ಚೀಟಿ ಮೂಲತಃ ಅಕ್ಕಿ, ಸಕ್ಕರೆ, ಸೀಮೆಎಣ್ಣೆಗಾಗಿ ಇದ್ದ ಕಾರ್ಡ್. ಇಂದು ಅದು ಅನೇಕ ಯೋಜನೆಗಳ ಕೀಲಿಕೈ ಆಗಿದೆ. 2018ರಲ್ಲಿ ರಾಜ್ಯ ಸರಕಾರ ವಾಜಪೇಯಿ ಆರೋಗ್ಯಶ್ರೀ, ಯಶಸ್ವಿನಿ, ರಾಜೀವ್ ಆರೋಗ್ಯ ಭಾಗ್ಯ ಮುಂತಾದ ಯೋಜನೆಗಳನ್ನು ಒಂದುಗೂಡಿಸಿ ಆರೋಗ್ಯ ಕರ್ನಾಟಕ ಯೋಜನೆಯನ್ನು ತಂದಿತು. ಅದೇ ವರ್ಷ ಅದನ್ನು ಕೇಂದ್ರದ ಆಯುಷ್ಮಾನ್ ಭಾರತದೊಂದಿಗೆ ಸೇರಿಸಲಾಯಿತು. ಬಿಪಿಎಲ್ ಕಾರ್ಡ್ ಇರುವ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ, ಇತರರಿಗೆ ವೆಚ್ಚದ ಶೇ. 30ರಷ್ಟು ನೆರವು ಎಂದು ನಿಗದಿಯಾಯಿತು.

ಈ ವಿಲೀನದಿಂದ ಏನಾಯಿತು ಎಂಬುದು ಗಮನಾರ್ಹ. ಮೊದಲು ಯಶಸ್ವಿನಿ ಕಾರ್ಡ್ ಹಿಡಿದು ಮಂಗಳೂರಿನ ಖಾಸಗಿ ಆಸ್ಪತ್ರೆಗೆ ನೇರವಾಗಿ ಹೋಗುತ್ತಿದ್ದ ಸಹಕಾರಿ ಸಂಘದ ಸದಸ್ಯರು ಹೊಸ ನಿಯಮದಂತೆ ತುರ್ತು ಸಂದರ್ಭ ಬಿಟ್ಟು ಉಳಿದಂತೆ ಮೊದಲು ಸರಕಾರಿ ಆಸ್ಪತ್ರೆಗೆ ಹೋಗಿ ಶಿಫಾರಸು ಪತ್ರ ತರಬೇಕಾಯಿತು. ಸರಕಾರಿ ಆಸ್ಪತ್ರೆಯಲ್ಲಿ ಲಭ್ಯವಿರುವ ಚಿಕಿತ್ಸೆಗೆ ಖಾಸಗಿಗೆ ಹಣ ಏಕೆ ಎಂಬ ಸರಕಾರದ ವಾದದಲ್ಲಿ ಹುರುಳಿದೆ. ಆದರೆ ರೋಗಿಗೆ ಅದು ಇನ್ನೊಂದು ಸುತ್ತು ಓಡಾಟ. ಮುಂದೆ ಸಹಕಾರಿಗಳ ಒತ್ತಾಯದ ಮೇರೆಗೆ 2022ರಲ್ಲಿ ಯಶಸ್ವಿನಿಯನ್ನು ಮರಳಿ ಪ್ರತ್ಯೇಕವಾಗಿ ಜಾರಿಗೊಳಿಸುವ ನಿರ್ಧಾರವಾಯಿತು. ಕಾಗದದ ಮೇಲೆ ಒಂದುಗೂಡಿಸುವುದು ಸುಲಭ, ಜನರ ಅಭ್ಯಾಸ ಮತ್ತು ಅಗತ್ಯಗಳನ್ನು ಒಂದುಗೂಡಿಸುವುದು ಸುಲಭವಲ್ಲ ಎಂಬುದಕ್ಕೆ ಇದು ಉದಾಹರಣೆ.

2023ರಲ್ಲಿ ಬಂದ ಗ್ಯಾರಂಟಿ ಯೋಜನೆಗಳು ಪಡಿತರ ಚೀಟಿಯ ಮಹತ್ವವನ್ನು ಇನ್ನಷ್ಟು ಹೆಚ್ಚಿಸಿದವು. 2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಚಾಲನೆ ಪಡೆದ ಗೃಹಲಕ್ಷ್ಮಿಯಲ್ಲಿ ಮನೆಯ ಯಜಮಾನಿಗೆ ತಿಂಗಳಿಗೆ 2000 ರೂಪಾಯಿ. ಯಜಮಾನಿ ಯಾರು? ಪಡಿತರ ಚೀಟಿಯಲ್ಲಿ ಯಾರ ಹೆಸರು ಮೊದಲಿದೆಯೋ ಅವರು. ಆಕೆ ಅಥವಾ ಆಕೆಯ ಪತಿ ಆದಾಯ ತೆರಿಗೆ ಪಾವತಿಸುವವರಾದರೆ ಅರ್ಹತೆಯಿಲ್ಲ. ಐದು ಗ್ಯಾರಂಟಿಗಳಿಗಾಗಿ 2024-25ರ ಬಜೆಟ್ಟಿನಲ್ಲಿ ಸುಮಾರು 52 ಸಾವಿರ ಕೋಟಿ ರೂಪಾಯಿ ಇಡಲಾಗಿತ್ತು. ಇಷ್ಟು ದೊಡ್ಡ ಮೊತ್ತದ ಬಹುಪಾಲು ನಗದಾಗಿ ಜನರ ಖಾತೆಗೆ ಹೋಗುವಾಗ, ಪಟ್ಟಿಯಲ್ಲಿ ಹೆಸರು ಇರುವುದು ಇಲ್ಲದಿರುವುದು ಮನೆಯ ಒಲೆಯ ಪ್ರಶ್ನೆಯಾಗುತ್ತದೆ.

ಒಂದೇ ಕೀಲಿಕೈಯಿಂದ ಹಲವು ಬಾಗಿಲು ತೆರೆಯುವುದು ಅನುಕೂಲ. ಆದರೆ ಆ ಕೀಲಿಕೈ ಕಳೆದುಹೋದರೆ ಎಲ್ಲ ಬಾಗಿಲುಗಳೂ ಒಮ್ಮೆಲೇ ಮುಚ್ಚುತ್ತವೆ. 2024ರ ನವೆಂಬರಿನಲ್ಲಿ ಅನರ್ಹ ಬಿಪಿಎಲ್ ಕಾರ್ಡುಗಳನ್ನು ರದ್ದುಪಡಿಸುವ ಕೆಲಸ ನಡೆದಾಗ ರಾಜ್ಯದೆಲ್ಲೆಡೆ ಗೊಂದಲ ಉಂಟಾಯಿತು. ಕೊನೆಗೆ ಸರಕಾರಿ ನೌಕರರು ಮತ್ತು ಆದಾಯ ತೆರಿಗೆ ಪಾವತಿದಾರರನ್ನು ಬಿಟ್ಟು ಉಳಿದವರ ಕಾರ್ಡುಗಳನ್ನು ಮರಳಿ ಊರ್ಜಿತಗೊಳಿಸಲು ಸರಕಾರವೇ ಸೂಚಿಸಬೇಕಾಯಿತು. ಅಕ್ಕಿ ನಿಂತದ್ದಕ್ಕಿಂತಲೂ ಚಿಕಿತ್ಸೆ ಮತ್ತು ಗೃಹಲಕ್ಷ್ಮಿ ನಿಂತೀತೆಂಬ ಭಯ ಜನರಲ್ಲಿ ಹೆಚ್ಚಾಗಿತ್ತು.

ಗೋಕರ್ಣ ಕಲಿಸಿದ ಪಾಠ

ಕರಾವಳಿಯವರಾದ ನಾವು ಒಂದು ಘಟನೆಯನ್ನು ಮರೆಯಬಾರದು. 2017ರ ಜುಲೈಯಲ್ಲಿ ಉತ್ತರ ಕನ್ನಡದ ಗೋಕರ್ಣದಲ್ಲಿ ಒಂದೇ ಬಡ ದಲಿತ ಕುಟುಂಬದ ಮೂವರು ಸಹೋದರರು ಕೆಲವೇ ದಿನಗಳ ಅಂತರದಲ್ಲಿ ತೀರಿಕೊಂಡರು. ಆಧಾರ್ ಜೋಡಣೆಯಾಗದ ಕಾರಣ ಆ ಮನೆಗೆ ತಿಂಗಳುಗಳಿಂದ ಪಡಿತರ ಸಿಕ್ಕಿರಲಿಲ್ಲ, ಹಸಿವೇ ಸಾವಿಗೆ ಕಾರಣ ಎಂದು ಪೌರಹಕ್ಕು ಕಾರ್ಯಕರ್ತರ ಸತ್ಯಶೋಧನಾ ತಂಡ ಹೇಳಿತು. ಮದ್ಯಪಾನ ಮತ್ತು ಅನಾರೋಗ್ಯ ಕಾರಣ, ಹಸಿವಲ್ಲ ಎಂದು ಸರಕಾರ ಹೇಳಿತು. ಕಾರಣದ ಕುರಿತು ಭಿನ್ನಾಭಿಪ್ರಾಯವಿರಬಹುದು. ಆದರೆ ಪಡಿತರ ಸಿಗದ ಒಂದು ಮನೆ ನಮ್ಮದೇ ಕರಾವಳಿಯಲ್ಲಿ ಇತ್ತು, ಸುತ್ತಮುತ್ತಲಿನವರು ಯಾರೂ ಅದನ್ನು ಸಕಾಲದಲ್ಲಿ ಗಮನಿಸಲಿಲ್ಲ ಎಂಬುದು ಚಿಂತಿಸಬೇಕಾದ ವಿಷಯ.

ಆಧಾರ್ ಬಗ್ಗೆ ಸುಪ್ರೀಂ ಕೋರ್ಟಿನಲ್ಲಿ ನಡೆದ ಮೊಕದ್ದಮೆಯ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. 2018ರ ಸೆಪ್ಟೆಂಬರ್ 26ರ ತೀರ್ಪಿನಲ್ಲಿ ನ್ಯಾಯಾಲಯ ಕಲ್ಯಾಣ ಯೋಜನೆಗಳಿಗೆ ಆಧಾರ್ ಬಳಸುವುದನ್ನು ಎತ್ತಿಹಿಡಿಯಿತು. ಅದರೊಂದಿಗೆ, ಬೆರಳಚ್ಚು ಹೊಂದಲಿಲ್ಲ ಎಂಬ ಕಾರಣಕ್ಕೆ ಅರ್ಹರನ್ನು ಸೌಲಭ್ಯದಿಂದ ಹೊರಗಿಡಬಾರದು, ಬೇರೆ ವಿಧದಲ್ಲಿ ಗುರುತು ಖಚಿತಪಡಿಸಿಕೊಳ್ಳಬೇಕು ಎಂಬುದನ್ನೂ ಸ್ಪಷ್ಟಪಡಿಸಿತು. ಬೀಡಿ ಕಟ್ಟಿ, ಮೀನು ಶುಚಿಗೊಳಿಸಿ, ಗೋಡಂಬಿ ಕಾರ್ಖಾನೆಯಲ್ಲಿ ದುಡಿದು ಬೆರಳಿನ ಗೆರೆಗಳೇ ಸವೆದುಹೋದ ನಮ್ಮ ಮಹಿಳೆಯರಿಗೆ ಈ ಮಾತು ಬಹಳ ಮುಖ್ಯ. ಯಂತ್ರ ಒಪ್ಪಲಿಲ್ಲ ಎಂದರೆ ಹಕ್ಕು ಇಲ್ಲವೆಂದು ಅರ್ಥವಲ್ಲ.

ಅಮೆರಿಕಾದ ಒಂದು ರಾಜ್ಯದ ಅನುಭವ

ಇಂತಹ ಬದಲಾವಣೆ ನಮ್ಮಲ್ಲಿ ಮಾತ್ರ ಆದದ್ದಲ್ಲ. ಅಮೆರಿಕಾದ ಇಂಡಿಯಾನಾ ರಾಜ್ಯದಲ್ಲಿ ಗವರ್ನರ್ ಮಿಚ್ ಡೇನಿಯಲ್ಸ್ ಅವರ ಸರಕಾರ 2006ರ ಡಿಸೆಂಬರಿನಲ್ಲಿ ಬಡವರ ಆಹಾರ ನೆರವು, ವೈದ್ಯಕೀಯ ನೆರವು ಮತ್ತು ನಗದು ನೆರವಿನ ಅರ್ಜಿಗಳ ಕೆಲಸವನ್ನು ಐಬಿಎಂ ಕಂಪೆನಿಯ ನೇತೃತ್ವದ ಗುಂಪಿಗೆ ವಹಿಸಿತು. ಹತ್ತು ವರ್ಷಗಳ ಗುತ್ತಿಗೆ, ಸುಮಾರು 130 ಕೋಟಿ ಡಾಲರ್ ಮೊತ್ತ. ಅದುವರೆಗೆ ಪ್ರತಿ ಕುಟುಂಬಕ್ಕೆ ಒಬ್ಬ ಸರಕಾರಿ ನೌಕರರು ಜವಾಬ್ದಾರರಾಗಿದ್ದರು. ಹೊಸ ವ್ಯವಸ್ಥೆಯಲ್ಲಿ ಆ ವ್ಯಕ್ತಿ ಇಲ್ಲವಾದರು. ಅವರ ಬದಲಿಗೆ ದೂರವಾಣಿ ಕೇಂದ್ರ, ಅಂತರ್ಜಾಲದ ಅರ್ಜಿ ಮತ್ತು ಫ್ಯಾಕ್ಸ್ ಮೂಲಕ ದಾಖಲೆ ಸಲ್ಲಿಕೆ ಬಂದವು.

2007ರ ಅಕ್ಟೋಬರಿನಲ್ಲಿ 12 ಕೌಂಟಿಗಳಲ್ಲಿ ಆರಂಭವಾದ ಈ ವ್ಯವಸ್ಥೆ ರಾಜ್ಯದ 92 ಕೌಂಟಿಗಳ ಪೈಕಿ 59ಕ್ಕೆ ಹರಡಿತು. ಕಳುಹಿಸಿದ ಕಾಗದಗಳು ಕಾಣೆಯಾದವು. ದೂರವಾಣಿ ಕರೆಗಳಿಗೆ ಉತ್ತರ ಸಿಗಲಿಲ್ಲ. ಒಂದು ಕಾಗದ ಕಡಿಮೆಯಾದರೂ 'ಅರ್ಜಿದಾರರು ಸಹಕರಿಸಲಿಲ್ಲ' ಎಂಬ ಒಂದೇ ಸಾಲಿನ ಕಾರಣ ಕೊಟ್ಟು ನೆರವು ನಿಲ್ಲಿಸಲಾಯಿತು. ಈ ಬಗ್ಗೆ 2018ರಲ್ಲಿ ಪುಸ್ತಕ ಬರೆದ ಸಂಶೋಧಕಿ ವರ್ಜೀನಿಯಾ ಯೂಬ್ಯಾಂಕ್ಸ್ ಪ್ರಕಾರ 2006ರಿಂದ 2008ರ ನಡುವೆ ಹತ್ತು ಲಕ್ಷಕ್ಕೂ ಹೆಚ್ಚು ಅರ್ಜಿಗಳು ತಿರಸ್ಕೃತವಾದವು. ಇದು ಅದಕ್ಕೂ ಹಿಂದಿನ ಮೂರು ವರ್ಷಗಳಿಗಿಂತ ಶೇ. 54ರಷ್ಟು ಹೆಚ್ಚು. ಕ್ಯಾನ್ಸರ್ ಚಿಕಿತ್ಸೆಗಾಗಿ ಆಸ್ಪತ್ರೆಯಲ್ಲಿದ್ದ ಮಹಿಳೆಯೊಬ್ಬರು ನವೀಕರಣದ ದೂರವಾಣಿ ಸಂದರ್ಶನಕ್ಕೆ ಸಿಗಲಿಲ್ಲವೆಂದು ಅವರ ವೈದ್ಯಕೀಯ ನೆರವು ರದ್ದಾಯಿತು. ಅವರ ಮೇಲ್ಮನವಿ ಗೆದ್ದದ್ದು ಅವರು ತೀರಿಕೊಂಡ ಮರುದಿನ.

2009ರ ಅಕ್ಟೋಬರಿನಲ್ಲಿ ಸರಕಾರವೇ ಗುತ್ತಿಗೆಯನ್ನು ರದ್ದುಪಡಿಸಿತು. ಬಳಿಕ ಸರಕಾರ ಮತ್ತು ಕಂಪೆನಿಯ ನಡುವೆ ವರ್ಷಗಟ್ಟಲೆ ಮೊಕದ್ದಮೆ ನಡೆಯಿತು. 2012ರಲ್ಲಿ ಕೆಳ ನ್ಯಾಯಾಲಯ ಕಂಪೆನಿಯ ಪರ ತೀರ್ಪಿತ್ತಿತು. 2016ರಲ್ಲಿ ಆ ರಾಜ್ಯದ ಸುಪ್ರೀಂ ಕೋರ್ಟ್ ಕಂಪೆನಿ ಗುತ್ತಿಗೆಯನ್ನು ಉಲ್ಲಂಘಿಸಿದೆ ಎಂದಿತು. 2017ರಲ್ಲಿ ಕಂಪೆನಿ 7.8 ಕೋಟಿ ಡಾಲರ್ ಕೊಡಬೇಕೆಂದು ಆದೇಶವಾಯಿತು. ಈ ಎಲ್ಲ ಲೆಕ್ಕದಲ್ಲಿ ನೆರವು ಕಳೆದುಕೊಂಡ ಬಡವರಿಗೆ ಏನು ದೊರೆಯಿತು ಎಂದು ಕೇಳಬಹುದು. ಅವರಿಗೆ ಉಪಯೋಗವಾದ ತೀರ್ಪು ಬೇರೆಯೇ. 2012ರಲ್ಲಿ ಅದೇ ಸುಪ್ರೀಂ ಕೋರ್ಟ್, 'ಸಹಕರಿಸಲಿಲ್ಲ' ಎಂದಷ್ಟೇ ಬರೆದರೆ ಸಾಲದು, ಯಾವ ಕಾರಣಕ್ಕೆ ತಿರಸ್ಕರಿಸಲಾಗಿದೆ ಎಂದು ಅರ್ಜಿದಾರರಿಗೆ ತಿಳಿಸಲೇಬೇಕು ಎಂದಿತು.

ನಮ್ಮ ವ್ಯವಸ್ಥೆ ಇಂಡಿಯಾನಾದಂತಿಲ್ಲ. ನಮ್ಮಲ್ಲಿ ಮಂಜೂರಾತಿ ಇಂದಿಗೂ ಸರಕಾರಿ ಅಧಿಕಾರಿಯ ಕೈಯಲ್ಲಿದೆ, ಗ್ರಾಮ ಆಡಳಿತಾಧಿಕಾರಿ ಮನೆಯ ಪರಿಚಯ ಇರುವವರು. 2021ರ 'ಮನೆ ಬಾಗಿಲಿಗೆ ಮಾಸಾಶನ' ಅಭಿಯಾನದಲ್ಲಿ ಸರಕಾರ ತನ್ನ ಬಳಿ ಇರುವ ದತ್ತಾಂಶದಿಂದಲೇ 60 ವರ್ಷ ದಾಟಿದ ಬಡವರನ್ನು ಗುರುತಿಸಿ ಅರ್ಜಿ ಇಲ್ಲದೆ ಮಾಸಾಶನ ಕೊಡಲು ಮುಂದಾಯಿತು. 2022ರಲ್ಲಿ ದೂರವಾಣಿ ಕರೆ ಮಾಡಿದರೆ 72 ಗಂಟೆಗಳಲ್ಲಿ ಮಂಜೂರು ಮಾಡುವ 'ಹಲೋ ಕಂದಾಯ ಸಚಿವರೇ' ಬಂದಿತು. ಕಂಪ್ಯೂಟರ್ ಬಡವನನ್ನು ಹುಡುಕಿಕೊಂಡು ಹೋಗಲೂ ಬಲ್ಲದು, ಬಡವನನ್ನು ಹೊರಹಾಕಲೂ ಬಲ್ಲದು. ಯಾವುದಕ್ಕೆ ಬಳಸುತ್ತೇವೆ ಎಂಬುದು ಮುಖ್ಯ. ಇಂಡಿಯಾನಾದ ಪಾಠವೂ ಇದೇ. ವ್ಯವಸ್ಥೆಯನ್ನು ಎಷ್ಟೇ ಬದಲಾಯಿಸಿದರೂ, ತಪ್ಪಾದಾಗ ಎದುರು ಕುಳಿತು ಕೇಳಲು ಹೆಸರು ಮತ್ತು ಜವಾಬ್ದಾರಿ ಇರುವ ಒಬ್ಬ ಮನುಷ್ಯ ಇರಲೇಬೇಕು.

ಓದುಗರು ತಿಳಿದಿರಬೇಕಾದ ಕೆಲವು ಅಂಶಗಳು

1. ಮಾಸಾಶನ ಅಥವಾ ಗೃಹಲಕ್ಷ್ಮಿ ನಿಂತಿದ್ದರೆ ಮೊದಲು ನಿಮ್ಮ ಬ್ಯಾಂಕಿಗೆ ಹೋಗಿ ಆಧಾರ್ ಯಾವ ಬ್ಯಾಂಕಿಗೆ ಜೋಡಣೆಯಾಗಿದೆ ಎಂದು ವಿಚಾರಿಸಿ. ಖಾತೆಗೆ ಆಧಾರ್ ಸಂಖ್ಯೆ ಕೊಟ್ಟಿರುವುದು ಬೇರೆ, ಸರಕಾರದ ಹಣ ಬರಲು ಮಾಡುವ ಜೋಡಣೆ ಬೇರೆ.

2. ಹೆಸರು ಒಂದೇ ರೀತಿಯಲ್ಲಿ ಇರಲಿ. ನಮ್ಮ ಸಮುದಾಯದಲ್ಲಿ ಈ ತೊಂದರೆ ಹೆಚ್ಚು. ಜ್ಞಾನಸ್ನಾನದ ಹೆಸರು ಒಂದು, ಮನೆಯಲ್ಲಿ ಕರೆಯುವ ಹೆಸರು ಇನ್ನೊಂದು. ಆಧಾರಿನಲ್ಲಿ ಡಿ'ಸೋಜ, ಪಡಿತರ ಚೀಟಿಯಲ್ಲಿ ಡಿಸೋಜಾ, ಪಾಸ್‌ಬುಕ್ಕಿನಲ್ಲಿ ಕುಲನಾಮವೇ ಇಲ್ಲ. ಮದುವೆಯ ನಂತರ ಬದಲಾದ ಕುಲನಾಮ ಕೆಲವು ದಾಖಲೆಗಳಲ್ಲಿ ಹಾಗೆಯೇ ಉಳಿದಿರುತ್ತದೆ. ನಮ್ಮ ಕಣ್ಣಿಗೆ ಇವೆಲ್ಲ ಒಬ್ಬರೇ, ಕಂಪ್ಯೂಟರಿಗೆ ಬೇರೆ ಬೇರೆ ವ್ಯಕ್ತಿಗಳು.

3. ಮನೆಯಲ್ಲಿ ಯಾರಾದರೂ ತೀರಿಕೊಂಡರೆ ಅಥವಾ ಮದುವೆಯಾಗಿ ಹೋದರೆ ಪಡಿತರ ಚೀಟಿಯಲ್ಲಿ ತಿದ್ದುಪಡಿ ಮಾಡಿಸಿ. ಅತ್ತೆ ತೀರಿಕೊಂಡ ಬಳಿಕ ಯಜಮಾನಿಯ ಹೆಸರು ಬದಲಾಗದಿದ್ದರೆ ಸೊಸೆ ಗೃಹಲಕ್ಷ್ಮಿಗೆ ಅರ್ಜಿ ಹಾಕಲಾಗದು.

4. ಯಾವುದೇ ಅರ್ಜಿ ಕೊಟ್ಟಾಗ ಸ್ವೀಕೃತಿ ಪಡೆಯದೆ ಹೊರಡಬೇಡಿ. ಕರ್ನಾಟಕ ಸಕಾಲ ಕಾಯ್ದೆ 2011ರಲ್ಲಿ ಬಂದು 2012ರ ಏಪ್ರಿಲಿನಲ್ಲಿ ಜಾರಿಯಾಯಿತು. ಅದರ ವ್ಯಾಪ್ತಿಯ ಸೇವೆಗಳಿಗೆ 15 ಅಂಕೆಗಳ ಸಂಖ್ಯೆ ಕೊಡುತ್ತಾರೆ. ನಿಗದಿತ ದಿನಗಳೊಳಗೆ ಕೆಲಸ ಆಗದಿದ್ದರೆ ಮೇಲ್ಮನವಿ ಸಲ್ಲಿಸಬಹುದು, ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ಪರಿಹಾರಕ್ಕೂ ಕಾಯ್ದೆಯಲ್ಲಿ ಅವಕಾಶವಿದೆ. ಹಣಕ್ಕಿಂತ ಮುಖ್ಯವಾದದ್ದು ಆ ಸಂಖ್ಯೆ. ಅದಿದ್ದರೆ ನಿಮ್ಮ ಅರ್ಜಿ ಇರಲೇ ಇಲ್ಲ ಎಂದು ಯಾರೂ ಹೇಳಲಾಗದು.

5. ಅರ್ಜಿ ತಿರಸ್ಕೃತವಾದರೆ ಕಾರಣವನ್ನು ಬರಹದಲ್ಲಿ ಕೇಳಿ. 'ಸರ್ವರ್ ಇಲ್ಲ', 'ಮೇಲಿಂದ ಆಗಿಲ್ಲ' ಎಂಬುದು ಕಾರಣವಲ್ಲ. ಬರಹದಲ್ಲಿ ಕೊಡದಿದ್ದರೆ ಮಾಹಿತಿ ಹಕ್ಕು ಕಾಯ್ದೆಯಡಿ ಕೇಳುವ ಅವಕಾಶವಿದೆ.

6. ಗ್ರಾಮ ಒನ್ ಕೇಂದ್ರಗಳು 2022ರಿಂದ ನಡೆಯುತ್ತಿವೆ. ಅಲ್ಲಿ ಕುಳಿತಿರುವವರು ಸರಕಾರಿ ನೌಕರರಲ್ಲ, ಸೇವಾ ಶುಲ್ಕದ ಮೇಲೆ ಕೇಂದ್ರ ನಡೆಸುವವರು. ಅರ್ಜಿ ಹಾಕಲು ಅವರು ನೆರವಾಗುತ್ತಾರೆ, ಮಂಜೂರು ಮಾಡುವ ಅಧಿಕಾರ ಅವರಿಗಿಲ್ಲ. ಅವರೊಂದಿಗೆ ಜಗಳವಾಡಿ ಪ್ರಯೋಜನವಿಲ್ಲ. ಮಾಸಾಶನದ ವಿಷಯದಲ್ಲಿ ತಹಶೀಲ್ದಾರರನ್ನು, ಗೃಹಲಕ್ಷ್ಮಿ ವಿಷಯದಲ್ಲಿ ತಾಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳನ್ನು ಕಾಣಬೇಕು.

ನಾವು ಮಾಡಬಹುದಾದದ್ದು

ಸರಕಾರಿ ವ್ಯವಸ್ಥೆ ಮೊಬೈಲಿಗೂ ಕಂಪ್ಯೂಟರಿಗೂ ಸಾಗಿದಷ್ಟೂ ಅದನ್ನು ಬಳಸಲು ತಿಳಿಯದವರ ಪಕ್ಕದಲ್ಲಿ ಇನ್ನೊಬ್ಬರು ನಿಲ್ಲಬೇಕಾಗುತ್ತದೆ. ಒಂದು ಕಾಲದಲ್ಲಿ ಈ ಕೆಲಸವನ್ನು ಮನೆಯ ಮಕ್ಕಳು ಮಾಡುತ್ತಿದ್ದರು. ಇಂದು ಕರಾವಳಿಯ ಎಷ್ಟೋ ಮನೆಗಳಲ್ಲಿ ಮಕ್ಕಳು ಕೊಲ್ಲಿ ರಾಷ್ಟ್ರಗಳಲ್ಲಿದ್ದಾರೆ, ಬೆಂಗಳೂರು ಮುಂಬೈಗಳಲ್ಲಿದ್ದಾರೆ. ಒಟಿಪಿ ಬರುವ ಮೊಬೈಲ್ ಸಂಖ್ಯೆ ಮಗನದ್ದು, ಮಗ ಕುವೈಟಿನಲ್ಲಿ. ನಾಡಕಚೇರಿಯಲ್ಲಿ ನಿಂತಿರುವ ತಾಯಿಗೆ ಆ ಸಂಖ್ಯೆ ಹೇಳುವವರು ಯಾರು?

ನಮ್ಮಲ್ಲಿ ವಾಳೆಗಳಿವೆ, ಗುರಿಕಾರರಿದ್ದಾರೆ, ಸಂತ ವಿನ್ಸೆಂಟ್ ದ ಪಾವ್ಲ್ ಸಭೆ ಮತ್ತು ಸ್ತ್ರೀ ಸಂಘಟನೆಗಳಿವೆ, ಕಂಪ್ಯೂಟರ್ ಬಲ್ಲ ಯುವಜನರಿದ್ದಾರೆ. ಪ್ರತಿ ವಾಳೆಯಲ್ಲಿ ಒಂಟಿಯಾಗಿರುವ ಹಿರಿಯರು, ವಿಧವೆಯರು, ವಿಕಲಚೇತನರ ಪಟ್ಟಿ ಮಾಡಿ ವರ್ಷಕ್ಕೆರಡು ಬಾರಿ ಅವರ ಪಾಸ್‌ಬುಕ್, ಪಡಿತರ ಚೀಟಿ ಮತ್ತು ಆಧಾರ್ ನೋಡಿಕೊಂಡರೆ ಅರ್ಧದಷ್ಟು ಸಮಸ್ಯೆ ಬರುವ ಮೊದಲೇ ಪರಿಹಾರವಾಗುತ್ತದೆ. ಭಾನುವಾರ ಪೂಜೆಯ ನಂತರ ಒಂದು ಗಂಟೆ ಇಬ್ಬರು ಯುವಕ ಯುವತಿಯರು ಸಭಾಭವನದಲ್ಲಿ ಕುಳಿತರೂ ಸಾಕು. ಊರಿನ ಇತರ ಧರ್ಮಗಳ ಬಂಧುಗಳಿಗೂ ಆ ಬಾಗಿಲು ತೆರೆದಿರಲಿ.

ಆದರೆ ಒಂದು ಎಚ್ಚರಿಕೆ ಅಗತ್ಯ. ನಾವು ಮಾಡುವುದು ನೆರವು ಮಾತ್ರ, ಸರಕಾರದ ಜವಾಬ್ದಾರಿಗೆ ಅದು ಬದಲಿಯಲ್ಲ. ಮಾಸಾಶನ ದಾನವಲ್ಲ, ಅದು ಹಕ್ಕು. ನಿಂತ ಮಾಸಾಶನದ ಬದಲಿಗೆ ನಾವು ಒಂದು ಚೀಲ ಅಕ್ಕಿ ಕೊಟ್ಟು ಕೈತೊಳೆದುಕೊಂಡರೆ ಆ ತಾಯಿಯ ಹೆಸರು ಪಟ್ಟಿಗೆ ಮರಳುವುದಿಲ್ಲ. ಅಕ್ಕಿಯನ್ನೂ ಕೊಡೋಣ, ಅರ್ಜಿಯನ್ನೂ ಹಾಕೋಣ, ಉತ್ತರ ಬರುವವರೆಗೆ ಬೆನ್ನುಹತ್ತೋಣ. ಹೊಸ ಯೋಜನೆ ತರುವಾಗ ಅಥವಾ ಹಳೆಯದನ್ನು ಬದಲಾಯಿಸುವಾಗ ಪಟ್ಟಿಯಿಂದ ಹೊರಬಿದ್ದವರಿಗೆ ಮೊದಲೇ ತಿಳಿಸಿ, ಕಾರಣ ಹೇಳಿ, ತಿದ್ದಿಕೊಳ್ಳಲು ಸಮಯ ಕೊಡಬೇಕೆಂದು ನಮ್ಮ ಜನಪ್ರತಿನಿಧಿಗಳನ್ನು ಕೇಳೋಣ.

ಈ ವಾರ ಓದುಗರಲ್ಲಿ ನಮ್ಮ ಕೋರಿಕೆ ಇಷ್ಟೇ: ನಿಮ್ಮ ನೆರೆಮನೆಯ ಹಿರಿಯರೊಬ್ಬರನ್ನು ಭೇಟಿಯಾಗಿ, ಕಳೆದ ತಿಂಗಳ ಮಾಸಾಶನ ಬಂದಿದೆಯೇ ಎಂದು ಕೇಳಿ. ಬಂದಿಲ್ಲವಾದರೆ ಅವರೊಂದಿಗೆ ಒಮ್ಮೆ ಬ್ಯಾಂಕಿನವರೆಗೆ ಹೋಗಿಬನ್ನಿ.